ಕೊಟ್ಟಿದ್ದಕ್ಕಿಂತ ಜಾಸ್ತಿ ಬಿಸಿ ತಗೊಂಡ ನೀರು

ತಾಮ್ರದ ಪೈಪು ಬೇಕು ಅಂತ ನಾನು ಹೋಗಿದ್ದು ಫ್ರಿಜ್, ಎ.ಸಿ. ಬಿಡಿಭಾಗ ಮಾರುವ ಅಂಗಡಿಗೆ. ಅಂಗಡಿಯವರು ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಸಿದರು. ಒಳಗೆ ತ್ರೀ ಬೈ ಎಯ್ಟ್ ಇಂಚಿನ ಪೈಪು, 50 ಅಡಿ, ದೊಡ್ಡ ಚಕ್ಕುಲಿ ಹಾಗೆ ಚಪ್ಪಟೆಯಾಗಿ ಸುತ್ತಿಟ್ಟಿತ್ತು.

"ಮೆತ್ತನೆ ಪೈಪು ಹೀಗೇ ಬರೋದು ಮೇಡಂ. ಸುತ್ತಿದ್ರೆ ಜಾಗ ಉಳಿಯುತ್ತೆ ನೋಡಿ" ಅಂದರು.

ಆಗ ನಾನು ಎಂ.ಟೆಕ್. ಎರಡನೇ ವರ್ಷ, ಕೆಮಿಕಲ್ ಎಂಜಿನಿಯರಿಂಗ್, ಬೆಂಗಳೂರಿನ ಒಂದು ಕಾಲೇಜು. ಪ್ರಾಜೆಕ್ಟಿನ ವಿಷಯ ಸುರುಳಿ ಪೈಪು. ಅದರಲ್ಲಿ ಹರಿಯುವ ನೀರಿಗೆ ಶಾಖ ಹೇಗೆ ಸೇರುತ್ತೆ, ನೀರಿನಲ್ಲಿ ಕರಗಿದ ಪದಾರ್ಥ ಹೇಗೆ ಹರಡುತ್ತೆ ಅಂತ ನೋಡಬೇಕಿತ್ತು. ನಿಜ ಹೇಳಬೇಕು ಅಂದ್ರೆ, ಸುರುಳಿಯ ಬಗ್ಗೆ ಅಂಗಡಿಯವರಿಗೆ ಗೊತ್ತಿದ್ದಷ್ಟೇ ನನಗೂ ಗೊತ್ತಿತ್ತು. ಉದ್ದನೆ ಪೈಪನ್ನು ಸಣ್ಣ ಜಾಗದಲ್ಲಿ ಕೂರಿಸೋಕೆ ಸುತ್ತುತ್ತಾರೆ, ಅಷ್ಟೇ ಅಲ್ವಾ? ಸುತ್ತಿದ ಪೈಪು ಸುತ್ತಿದ ಪೈಪೇ. ಒಳಗಿನ ನೀರಿಗೆ ಅದರಿಂದ ಏನಾಗಬೇಕು?

ಸುರುಳಿಯಲ್ಲಿ ಎರಡು ಜಾತಿ. ಒಂದು ಸ್ಪ್ರಿಂಗ್ ಥರದ್ದು, ಎಲ್ಲ ಸುತ್ತೂ ಒಂದೇ ಅಳತೆ. ಇನ್ನೊಂದು ಚಕ್ಕುಲಿ ಥರದ್ದು, ಒಳಗಿನ ಸುತ್ತು ಚಿಕ್ಕದು, ಹೊರಗೆ ಬರ್ತಾ ಬರ್ತಾ ದೊಡ್ಡದು. "ಸ್ಪ್ರಿಂಗನ್ನು ಎಲ್ಲರೂ ಅಳೆದುಬಿಟ್ಟಿದ್ದಾರೆ, ನೀನು ಚಕ್ಕುಲಿ ಮಾಡು" ಅಂದರು ಗೈಡ್ ಸರ್. ಪೈಪು ಹೇಗೂ ಚಕ್ಕುಲಿ ಆಗೇ ಬಂದಿದೆ, ಹಾಗೇ ನೀರಿಗಿಳಿಸಿದರೆ ಆಯ್ತು ಅಂದುಕೊಂಡೆ. ಆದರೆ ಅಂಗಡಿಯ ಚಕ್ಕುಲಿಯಲ್ಲಿ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಡುವೆ ಬಿಸಿನೀರು ಓಡಾಡೋಕೆ ಸಂದೇ ಇರೋದಿಲ್ಲ. ಬಿಚ್ಚಿ, ನೆಟ್ಟಗೆ ಮಾಡಿ, ಮತ್ತೆ ಸುತ್ತಬೇಕು.

ಮೊದಲ ಸಲ ಕೈಯಲ್ಲೇ ಬಗ್ಗಿಸಿದೆ. ಎರಡನೇ ಸುತ್ತಿಗೆ ಪೈಪು ಚಪ್ಪಟೆಯಾಗಿ ಮಡಚಿಕೊಂಡಿತು. ಒಂದೂವರೆ ಮೀಟರ್ ಪೈಪು ಗುಜರಿಗೆ ಹೋಯಿತು. ವರ್ಕ್‌ಶಾಪಿನ ಹಿರಿಯ ಫಿಟ್ಟರ್ ಅದನ್ನು ಎತ್ತಿ ನೋಡಿ, "ಹೊಟ್ಟೆಯಲ್ಲಿ ಏನೂ ಇಲ್ದೆ ಬಗ್ಗಿಸಿದ್ರೆ ಇನ್ನೇನಾಗುತ್ತೆ ಮೇಡಂ? ಮರಳು ತುಂಬಿ" ಅಂದರು. ಒಣ ಮರಳು ತುಂಬಿ, ಎರಡೂ ತುದಿಗೆ ಮರದ ಬೆಣೆ ಹೊಡೆದು ಬಗ್ಗಿಸಿದರೆ ಪೈಪು ಗುಂಡಗೇ ಉಳಿಯುತ್ತೆ. ಮರಳಿನಲ್ಲಿ ತೇವ ಇರಬಾರದು. ಜರಡಿ ಹಿಡಿದು, ಹಾಸ್ಟೆಲ್ ಅಡುಗೆಮನೆಯಿಂದ ಒಂದು ಹಳೇ ಬಾಣಲೆ ಇಸ್ಕೊಂಡು ಬಂದು, ಕಡಲೆಕಾಯಿ ಹುರಿಯೋಕೆ ಮರಳು ಕಾಯಿಸ್ತಾರಲ್ಲ, ಹಾಗೆ ಕಾಯಿಸಿದೆ. ಪೈಪನ್ನು ನಿಲ್ಲಿಸಿ ಮರಳು ಸುರಿಯುತ್ತಾ, ಹೊರಗಿನಿಂದ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಹೋದರು ಅವರು. ತಟ್ಟಿದ ಸದ್ದು ಮೊದಲು ಟಣ್ ಟಣ್ ಅನ್ನುತ್ತಿತ್ತು, ತುಂಬಿದ ಮೇಲೆ ದಪ್ ದಪ್. "ಸದ್ದು ಬದಲಾಗೋವರೆಗೂ ತಟ್ಟಬೇಕು" ಅಂದರು.

ಚಕ್ಕುಲಿಯ ಗೆರೆ ಎಳೆಯೋಕೆ ಅವರೇ ಒಂದು ಉಪಾಯ ಹೇಳಿದರು. ಪ್ಲೈವುಡ್ ನಡುವೆ ಒಂದು ಪೆನ್ಸಿಲ್ ನಿಲ್ಲಿಸು, ಅದಕ್ಕೆ ದಾರ ಸುತ್ತು, ದಾರದ ತುದಿಗೆ ಇನ್ನೊಂದು ಪೆನ್ಸಿಲ್ ಕಟ್ಟು, ಬಿಗಿ ಹಿಡಿದು ಬಿಚ್ಚುತ್ತಾ ಹೋಗು. ಬಿಚ್ಚಿದಂತೆಲ್ಲ ಗೆರೆ ಹೊರಕ್ಕೆ ಸರಿಯುತ್ತೆ. ಪೆನ್ಸಿಲ್ 7 ಮಿ.ಮೀ. ದಪ್ಪ, ಅದರ ಸುತ್ತಳತೆ 22 ಮಿ.ಮೀ. ಹಾಗಾಗಿ ಸುತ್ತಿನಿಂದ ಸುತ್ತಿಗೆ ಸರಿಯಾಗಿ 22 ಮಿ.ಮೀ. ಅಂತರ. ಗೆರೆಯುದ್ದಕ್ಕೂ ಮೊಳೆ ಹೊಡೆದು, ಅದರ ಪಕ್ಕದಲ್ಲಿ ಮರಳು ತುಂಬಿದ ಪೈಪನ್ನು ನಿಧಾನವಾಗಿ ಕೂರಿಸಿದೆವು. ಐದು ಸುತ್ತು. ಒಳಗಿನ ಸುತ್ತಿನ ಅಡ್ಡಳತೆ 100 ಮಿ.ಮೀ., ಹೊರಗಿನದು 320. ಪೈಪಿನ ಒಟ್ಟು ಉದ್ದ 3.3 ಮೀಟರ್. ಪೈಪಿನ ಒಳ ಅಡ್ಡಳತೆ 7.9 ಮಿ.ಮೀ. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಅತಿ ಖುಷಿ ಕೊಟ್ಟ ದಿನ ಅದು. ಆಮೇಲಿನದ್ದೆಲ್ಲ ಬರೀ ತಲೆನೋವು.

ಮೊದಲ ತಲೆನೋವು ಆ ಮರಳಿನದೇ. ನೀರು ಬಿಟ್ಟು ಒತ್ತಡ ಅಳೆದರೆ, 7-8 ಸೆಂಟಿಮೀಟರ್ ಬರಬೇಕಾದ ಕಡೆ ನೀರಿನ ಮಟ್ಟದ ವ್ಯತ್ಯಾಸ 19 ಸೆಂಟಿಮೀಟರ್ ಬಂತು. ಒಳಗಿನ ಸುತ್ತಿನಲ್ಲಿ ಒಂದು ಹಿಡಿ ಮರಳು ಗಟ್ಟಿಯಾಗಿ ಕೂತಿತ್ತು. ಕಂಪ್ರೆಸರ್ ಗಾಳಿ ಹೊಡೆದು, ಸುರುಳಿಯನ್ನು ತಿರುಗಿಸಿ ತಿರುಗಿಸಿ ತಟ್ಟಿ ತೆಗೆದೆವು. ಅದಾದ ಮೇಲೂ ಎರಡು ವಾರ, ಅಳತೆ ಜಾಡಿಯ ತಳದಲ್ಲಿ ದಿನಾ ಒಂದೆರಡು ಹರಳು ಬಂದು ಬೀಳುತ್ತಲೇ ಇದ್ದವು.

ಪ್ರಯೋಗದ ಏರ್ಪಾಡು ಸರಳ. ಸ್ಟೀಲ್ ಡ್ರಮ್ಮಿನಲ್ಲಿ ಬಿಸಿನೀರು, ಅದನ್ನು ಒಂದೇ ಸಮ ತಿರುಗಿಸೋ ಸ್ಟಿರರ್, ಕಾಯಿಸೋಕೆ ಹೀಟರ್, ಹೀಟರ್‌ಗೆ ಕರೆಂಟು ಹೆಚ್ಚುಕಮ್ಮಿ ಮಾಡೋ ಡಿಮ್ಮರ್‌ಸ್ಟಾಟ್. ಡ್ರಮ್ಮಿನೊಳಗೆ ಸುರುಳಿ ಮಲಗಿರುತ್ತೆ. ಬೀರು ಮೇಲಿಟ್ಟ ಟ್ಯಾಂಕಿನಿಂದ ತಣ್ಣೀರು ಸುರುಳಿಯ ನಡುವಿಗೆ ಇಳಿದು, ಸುತ್ತುತ್ತಾ ಹೊರಗಿನ ತುದಿಯಿಂದ ಹೊರಬರುತ್ತೆ. ಒಳಹೋಗುವ ಕಡೆ ಒಂದು, ಹೊರಬರುವ ಕಡೆ ಒಂದು ಆರ್‌ಟಿಡಿ ಪ್ರೋಬ್, ಅಂದ್ರೆ ಉಷ್ಣತೆ ಅಳೆಯೋ ಕಡ್ಡಿ. ಎಷ್ಟು ನೀರು ಬಂತು ಅನ್ನೋದಕ್ಕೆ ಅಳತೆ ಜಾಡಿ, ಸ್ಟಾಪ್‌ವಾಚ್. ಡ್ರಮ್ಮು 55 ಡಿಗ್ರಿಯಲ್ಲಿ ಅಲುಗಾಡದೆ ನಿಂತಿತು ಅಂದ್ರೆ ಲೆಕ್ಕ ಸುಲಭ. ಹೀಟರ್ ಕೊಟ್ಟ ಶಾಖದಲ್ಲಿ ಸ್ವಲ್ಪ ಡ್ರಮ್ಮಿನ ಮೈಯಿಂದ ಗಾಳಿಗೆ ಹೋಗುತ್ತೆ, ಉಳಿದದ್ದೆಲ್ಲ ಸುರುಳಿಯ ನೀರಿಗೆ. ಈ ಎರಡು ಲೆಕ್ಕ ತಾಳೆಯಾಗಲೇಬೇಕು. ಆಗದಿದ್ದರೆ ಮುಂದಿನದಕ್ಕೆ ಅರ್ಥವೇ ಇಲ್ಲ.

ಕರೆಂಟನ್ನು ಮೀಟರಿನ ಕೆಂಪು ದೀಪ ನೋಡಿ ಅಳೆದೆ. ಅದು ಒಂದು ಯೂನಿಟ್ಟಿಗೆ 3,200 ಸಲ ಮಿಣುಕುವ ಮೀಟರು. ನೀರು ನಿಮಿಷಕ್ಕೆ ಒಂದು ಲೀಟರ್ ಬಿಟ್ಟಿದ್ದಾಗ ನಿಮಿಷಕ್ಕೆ 58 ಮಿಣುಕು. ಅಂದ್ರೆ ಸುಮಾರು 1,090 ವ್ಯಾಟ್. ಗಾಳಿಗೆ ಹೋಗೋದು 50 ವ್ಯಾಟ್ ಅಂತ ಮೊದಲೇ ಅಳೆದಿಟ್ಟಿದ್ದೆ. ಹಾಗಾದ್ರೆ ನೀರಿಗೆ 1,040 ಸೇರಬೇಕು. ನೀರು 27 ಡಿಗ್ರಿಯಲ್ಲಿ ಒಳಗೆ ಹೋಗಿ 44.4ರಲ್ಲಿ ಹೊರಗೆ ಬರ್ತಿತ್ತು. ಗುಣಿಸಿದರೆ 1,210 ವ್ಯಾಟ್.

ಕೊಟ್ಟಿದ್ದು 1,040, ತಗೊಂಡಿದ್ದು 1,210!

ಶಾಖ ಕಮ್ಮಿ ಬಂದಿದ್ದರೆ ಎಲ್ಲೋ ಸೋರಿತು ಅಂತ ಬರೆದು ಮುಂದೆ ಹೋಗಬಹುದಿತ್ತು, ಎಲ್ಲರೂ ಅದನ್ನೇ ಮಾಡೋದು. ಆದರೆ ಜಾಸ್ತಿ ಬಂದರೆ? ಸಾವಿರ ರೂಪಾಯಿ ಕೊಟ್ಟು ಕಳಿಸಿದ ಹುಡುಗ ಸಾಮಾನು ತಂದು ಮೇಲೆ ಇನ್ನೂರು ಚಿಲ್ಲರೆಯನ್ನೂ ಕೊಟ್ಟ ಹಾಗೆ. ಖುಷಿಪಡೋ ವಿಷಯ ಅಲ್ಲ.

ಮೂರು ವಾರ ಇದರ ಹಿಂದೆ ಬಿದ್ದೆ. ಮೀಟರ್ ಬದಲಾಯಿಸಿದೆ, ಅಷ್ಟೇ ಬಂತು. ಅಳತೆ ಜಾಡಿಯನ್ನು ತಕ್ಕಡಿಯಲ್ಲಿಟ್ಟು ತೂಗಿದೆ, ಸರಿಯಿತ್ತು. ಪ್ರೋಬುಗಳನ್ನು ಮಂಜುಗಡ್ಡೆ ನೀರಿನಲ್ಲಿಟ್ಟೆ, ಎರಡೂ ಸೊನ್ನೆ. ಕುದಿಯುವ ನೀರಿನಲ್ಲಿಟ್ಟೆ, ಎರಡೂ 97. ಸಿಕ್ಕಿಬಿತ್ತು ಕಳ್ಳ ಅಂತ ಸರ್ ಹತ್ತಿರ ಓಡಿದೆ. ಅವರು ನಕ್ಕರು. "ನೋಡಮ್ಮ, ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್ ಮೇಲಿದೆ. ಇಲ್ಲಿ ನೀರು 97ಕ್ಕೇ ಕುದಿಯೋದು. ನಿನ್ನ ಪ್ರೋಬು ಸರಿಯಾಗೇ ಇದೆ" ಅಂದರು. ಮಂಗಳೂರಲ್ಲಿ ಬೆಳೆದ ನನಗೆ ಇದು ಹೊಳೆದಿರಲೇ ಇಲ್ಲ.

ಆದರೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ನೀರು ಜೋರಾಗಿ ಬಿಟ್ಟಾಗ ಲೆಕ್ಕ ಸರಿಹೋಗುತ್ತಿತ್ತು. ನಿಮಿಷಕ್ಕೆ 2 ಲೀಟರ್‌ನಲ್ಲಿ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಒಂದೂವರೆ ಲೀಟರ್‌ಗಿಂತ ಕೆಳಗೆ ಬಂದರೆ ಮಾತ್ರ ಈ ಪುಕ್ಕಟೆ ಶಾಖ. ಮೀಟರೋ ಪ್ರೋಬೋ ಕೆಟ್ಟಿದ್ದರೆ ಎಲ್ಲ ಕಡೆಯೂ ತಪ್ಪು ಬರಬೇಕಿತ್ತಲ್ವಾ?

ಪುಸ್ತಕದಲ್ಲಿ ಡೀನ್ ಅನ್ನುವವರ ಹೆಸರು ಪ್ರತಿ ಪುಟದಲ್ಲೂ ಬರುತ್ತಿತ್ತು. ಬಾಗಿದ ಪೈಪಿನ ಹರಿವನ್ನು 1927ರಲ್ಲಿ ಗಣಿತದಲ್ಲಿ ಬಿಡಿಸಿದವರು. ಸಮೀಕರಣ ನೋಡಿ ತಲೆಗೆ ಏನೂ ಹೋಗಲಿಲ್ಲ. ಸರ್ ಹೇಳಿದರು: "ಡೀನ್‌ಗಿಂತ ಮುಂಚೆ, 1911ರಲ್ಲಿ, ಯೂಸ್ಟಿಸ್ ಅಂತ ಒಬ್ಬರು ಗಾಜಿನ ಬಾಗು ಕೊಳವೆಯಲ್ಲಿ ಬಣ್ಣ ಬಿಟ್ಟು ನೋಡಿದ್ದರು. ನೀನೂ ನೋಡು. ಆಮೇಲೆ ಓದು."

ಗಾಜಿನ ಕೊಳವೆ ಎಲ್ಲಿ ತರೋದು? ಗಾರೆ ಕೆಲಸದವರು ಮಟ್ಟ ನೋಡೋಕೆ ನೀರು ತುಂಬಿ ಹಿಡೀತಾರಲ್ಲ, ಆ ಲೆವೆಲ್ ಟ್ಯೂಬು ಸಾಕು. 8 ಮಿ.ಮೀ. ಒಳ ಅಳತೆಯದ್ದು ಸಿಕ್ಕಿತು. 20 ಲೀಟರಿನ ಪೇಂಟ್ ಬಕೆಟ್ಟಿಗೆ ಅದನ್ನು ನಾಲ್ಕೈದು ಸುತ್ತು ಸುತ್ತಿದೆ. ಇಂಜೆಕ್ಷನ್ ಸಿರಿಂಜಿನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ನೇರಳೆ ನೀರು ತುಂಬಿ, ಸೂಜಿಯನ್ನು ಟ್ಯೂಬಿನ ಗೋಡೆಗೆ ಚುಚ್ಚಿ, ತುದಿ ನಡುವಿಗೆ ಬರುವ ಹಾಗೆ ಇಟ್ಟೆ. ನೀರನ್ನು ಬಹಳ ನಿಧಾನ ಬಿಟ್ಟೆ.

ಅದೊಂದು ಇಪ್ಪತ್ತು ನಿಮಿಷ ನಾನು ಬಕೆಟ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ನೇರ ಭಾಗದಲ್ಲಿ ನೇರಳೆ ಎಳೆ ಟ್ಯೂಬಿನ ನಡುವೆ ನೆಟ್ಟಗೆ ಹೋಗುತ್ತಿತ್ತು, ದಾರ ಎಳೆದ ಹಾಗೆ. ಬಾಗು ಶುರುವಾಗುತ್ತಿದ್ದಂತೆ ಎಳೆ ಹೊರಗೋಡೆಯ ಕಡೆ ವಾಲಿತು. ಗೋಡೆ ಮುಟ್ಟಿದ ಕಡೆ ಎರಡಾಗಿ ಸೀಳಿತು. ಒಂದು ಎಳೆ ಟ್ಯೂಬಿನ ಮೇಲಿನ ಗೋಡೆ ಹಿಡಿದು, ಇನ್ನೊಂದು ಕೆಳಗಿನ ಗೋಡೆ ಹಿಡಿದು, ಒಳಮಗ್ಗುಲಿಗೆ ಬಂದವು. ಅಲ್ಲಿ ಎರಡೂ ಸೇರಿ ಮತ್ತೆ ನಡುವೆ ಹೊರಟವು. ನೀರು ಸುಮ್ನೆ ಮುಂದಕ್ಕೆ ಹೋಗುತ್ತಿರಲಿಲ್ಲ. ಎರಡು ಸುಳಿಗಳಾಗಿ ತನ್ನನ್ನು ತಾನೇ ಕಲಸಿಕೊಳ್ಳುತ್ತಾ ಹೋಗುತ್ತಿತ್ತು.

ಯಾಕೆ ಅಂದ್ರೆ, ಪೈಪಿನ ನಡುವಿನ ನೀರಿಗೆ ಓಟ ಜಾಸ್ತಿ. ತಿರುವಿನಲ್ಲಿ ಅದು ಹೊರಕ್ಕೆ ನುಗ್ಗುತ್ತೆ, ಹೊರಗೋಡೆಯ ಹತ್ತಿರ ಒತ್ತಡ ಏರುತ್ತೆ. ಗೋಡೆಗಂಟಿದ ನೀರಿಗೆ ಅಷ್ಟು ಓಟ ಇಲ್ಲ, ಆ ಒತ್ತಡದ ಎದುರು ನಿಲ್ಲೋಕಾಗದೆ ಗೋಡೆ ಗುಂಟ ಒಳಮಗ್ಗುಲಿಗೆ ಜಾರುತ್ತೆ. ಕಷಾಯದ ಲೋಟದಲ್ಲಿ ಚಮಚ ತಿರುಗಿಸಿ ಬಿಟ್ಟರೆ ಜೀರಿಗೆ ಪುಡಿ ತಳದ ನಡುವಿಗೆ ಬಂದು ಗುಡ್ಡೆಯಾಗುತ್ತೆ ಅಲ್ವಾ? ಅದೂ ಇದೇ ಆಟ. ಐನ್‌ಸ್ಟೈನ್ 1926ರಲ್ಲಿ ಟೀ ಲೋಟದ ಇದೇ ಸಂಗತಿಯನ್ನು ಹಿಡಿದು, ನದಿಗಳು ಯಾಕೆ ಅಂಕುಡೊಂಕಾಗುತ್ತವೆ ಅಂತ ಬರೆದಿದ್ದರು.

ಅಲ್ಲೇ ಕೂತಿದ್ದಾಗ ತಲೆಗೆ ಹೊಳೆಯಿತು. ನನ್ನ ತಾಮ್ರದ ಸುರುಳಿಯಲ್ಲೂ ಹೀಗೇ ಆಗ್ತಿದ್ದರೆ? ಬಿಸಿ ಗೋಡೆಯನ್ನು ಸವರಿಕೊಂಡು ಬಂದ ನೀರೆಲ್ಲ ಒಳಮಗ್ಗುಲಲ್ಲಿ ಬಂದು ಸೇರುತ್ತೆ. ಅಂದ್ರೆ ಅಲ್ಲಿಯ ನೀರು ಬೇರೆ ಕಡೆಗಿಂತ ಬಿಸಿ. ತಣ್ಣನೆಯದು ಎರಡು ಸುಳಿಗಳ ಹೊಟ್ಟೆಯಲ್ಲಿ ಉಳಿದಿರುತ್ತೆ. ಹಾಗಾದ್ರೆ ನನ್ನ ಪ್ರೋಬ್ ಎಲ್ಲಿದೆ?

ಲ್ಯಾಬಿಗೆ ಓಡಿದೆ. ಸುರುಳಿ ಮುಗಿದ ಕೂಡಲೇ ಒಂದು ಟೀ (ಇಂಗ್ಲಿಷಿನ T ಆಕಾರದ ಪೈಪು ತುಂಡು) ಜೋಡಿಸಿ, ಒಳಮಗ್ಗುಲಿನಿಂದ ಪ್ರೋಬ್ ತೂರಿಸಿದ್ದೆ. ಆ ಕಡೆ ಕೈ ಹಾಕೋಕೆ ಜಾಗ ಇತ್ತು ಅನ್ನೋದೊಂದೇ ಕಾರಣ. ಪ್ರೋಬಿನ ತುದಿ ಒಳಮಗ್ಗುಲಿನ ಗೋಡೆಯ ಹತ್ತಿರವೇ ನಿಂತಿತ್ತು. ಟೀಯನ್ನು ಸಡಿಲಿಸಿ ಅರ್ಧ ಸುತ್ತು ತಿರುಗಿಸಿ, ಹೊರಮಗ್ಗುಲಿಗೆ ತಂದೆ. ಅದೇ ನೀರು, ಅದೇ ಹೀಟರ್. ಹತ್ತು ನಿಮಿಷ ಬಿಟ್ಟು ನೋಡಿದರೆ 41.1. ಮುಂಚೆ 44.4 ಇತ್ತು! ಒಂದು ಸೆಂಟಿಮೀಟರೂ ಅಗಲ ಇಲ್ಲದ ಪೈಪಿನಲ್ಲಿ ಆ ಗೋಡೆಗೂ ಈ ಗೋಡೆಗೂ ಮೂರು ಡಿಗ್ರಿ ವ್ಯತ್ಯಾಸ.

ನೀರನ್ನು ಅಳೆಯೋಕೆ ಮುಂಚೆ ಕಲಸಬೇಕಿತ್ತು. ಸುರುಳಿ ಮುಗಿದ ಮೇಲೆ ಒಂದು ದಪ್ಪ ಪಿವಿಸಿ ತುಂಡು ಸೇರಿಸಿ, ಅದರೊಳಗೆ ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ತುರುಕಿದೆ. ಅದರ ಆಚೆ ಪ್ರೋಬ್. ನಾರಿನ ಬೆಲೆ ಹತ್ತು ರೂಪಾಯಿ. ಈಗ 41.9 ಬಂತು, ಲೆಕ್ಕ 1,040 ವ್ಯಾಟಿನ ಸುತ್ತಮುತ್ತ ಕೂತಿತು. ಮೂರು ವಾರ ನಾನು ತಪ್ಪು ಅಂತ ಓಡಿಸೋಕೆ ನೋಡಿದ್ದು ತಪ್ಪೇ ಆಗಿರಲಿಲ್ಲ. ಡೀನ್ ಹೇಳಿದ ಸುಳಿಗಳು ಅಷ್ಟು ದಿನವೂ ನನ್ನ ಪ್ರೋಬಿನ ತುದಿಯಲ್ಲೇ ಓಡಾಡುತ್ತಿದ್ದವು.

ಇನ್ನು ಜೋರಾಗಿ ಬಿಟ್ಟಾಗ ಲೆಕ್ಕ ಯಾಕೆ ಸರಿಹೋಗುತ್ತಿತ್ತು? ನೀರಿನ ಓಟ, ಪೈಪಿನ ಅಗಲ ಹೆಚ್ಚಿದಂತೆ ಏರುವ, ದ್ರವ ದಪ್ಪಗಾದಂತೆ ಇಳಿಯುವ ಒಂದು ಸಂಖ್ಯೆ ಇದೆ, ರೇನಾಲ್ಡ್ಸ್ ಸಂಖ್ಯೆ ಅಂತ. ನೇರ ಪೈಪಿನಲ್ಲಿ ಅದು ಸುಮಾರು 2,300 ದಾಟಿದರೆ ಹರಿವು ಕದಡಿಕೊಳ್ಳೋಕೆ ಶುರು ಅಂತ ಎಲ್ಲರೂ ಓದಿರ್ತೀವಿ. ಸುರುಳಿಯಲ್ಲಿ ಅದು ಅಷ್ಟು ಬೇಗ ಕದಡೋದಿಲ್ಲ. ಬಾಗು ಅದನ್ನು ಹಿಡಿದಿಡುತ್ತೆ. ಜಪಾನಿನ ಇಟೊ 1959ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಅದರ ಪ್ರಕಾರ ನನ್ನ ಸುರುಳಿಯ ಹೊರಸುತ್ತಿನಲ್ಲಿ ಆ ಗಡಿ ಸುಮಾರು 6,100, ಒಳಸುತ್ತಿನಲ್ಲಿ ಸುಮಾರು 8,900. ನಿಮಿಷಕ್ಕೆ ಒಂದು ಲೀಟರ್ ಹರಿಯುವಾಗ ನೀರು 3,100ರ ಹತ್ತಿರ ಒಳಹೊಕ್ಕು, ಬಿಸಿಯಾಗಿ ತೆಳುವಾಗುತ್ತಾ, 4,200ರ ಆಸುಪಾಸಿನಲ್ಲಿ ಹೊರಬರುತ್ತಿತ್ತು. ನೇರ ಪೈಪಾಗಿದ್ದರೆ ಇಷ್ಟರಲ್ಲಿ ಕದಡಬೇಕಿತ್ತು. ಇಲ್ಲಿ ಪೂರ್ತಿ ಶಾಂತ, ಪದರ ಪದರವಾಗಿ. ಒಂದೂವರೆ ಲೀಟರ್ ದಾಟಿದರೆ ಹೊರಸುತ್ತು ಕದಡುತ್ತೆ, ನೀರು ತಾನೇ ಕಲಸಿಕೊಂಡು ಬರುತ್ತೆ. ಆಗ ಪ್ರೋಬ್ ಎಲ್ಲಿಟ್ಟರೂ ಒಂದೇ.

ಚಕ್ಕುಲಿಯ ಮಜಾ ಇರೋದು ಇಲ್ಲೇ ಅಂತ ನನ್ನ ಅನಿಸಿಕೆ. ಸ್ಪ್ರಿಂಗಿನಲ್ಲಿ ಉದ್ದಕ್ಕೂ ಒಂದೇ ಗಡಿ. ಚಕ್ಕುಲಿಯಲ್ಲಿ ಒಂದೇ ಪೈಪಿನ ಒಳಸುತ್ತಿನಲ್ಲಿ ನೀರು ಶಾಂತವಾಗಿದ್ದು, ಹೊರಸುತ್ತಿನಲ್ಲಿ ಕದಡಿರಬಹುದು. ಸುಳಿಯ ಜೋರನ್ನು ಡೀನ್ ಸಂಖ್ಯೆಯಿಂದ ಹೇಳ್ತಾರೆ. ಪೈಪಿನ ಅಡ್ಡಳತೆಯನ್ನು ಸುತ್ತಿನ ಅಡ್ಡಳತೆಯಿಂದ ಭಾಗಿಸಿ, ವರ್ಗಮೂಲ ತೆಗೆದು, ರೇನಾಲ್ಡ್ಸ್ ಸಂಖ್ಯೆಗೆ ಗುಣಿಸಿದರೆ ಅದು. ರೇನಾಲ್ಡ್ಸ್ ಸಂಖ್ಯೆ 2,000 ಇದ್ದಾಗ ನನ್ನ ಒಳಸುತ್ತಿನಲ್ಲಿ ಡೀನ್ ಸಂಖ್ಯೆ 560, ಹೊರಸುತ್ತಿನಲ್ಲಿ 315. ಒಂದೇ ನೀರು, ಒಂದೇ ಪೈಪು, ಸುಳಿ ಮಾತ್ರ ಹೊರಗೆ ಬರ್ತಾ ಸೊರಗುತ್ತೆ.

ಸಿರಿಂಜಿನ ಆಟ ಇನ್ನೂ ಒಂದು ದಿನ ಮುಂದುವರಿಯಿತು. ಟ್ಯೂಬಿನ ನೇರ ಭಾಗಕ್ಕೆ ಒಂದು ಸೂಜಿ, ಬಕೆಟ್ಟಿನ ಮೂರನೇ ಸುತ್ತಿಗೆ ಇನ್ನೊಂದು. ನೀರು ನಿಮಿಷಕ್ಕೆ 1.2 ಲೀಟರ್, ರೇನಾಲ್ಡ್ಸ್ ಸಂಖ್ಯೆ 3,700ರ ಹತ್ತಿರ. ಮೊದಲ ಸೂಜಿಯ ಬಣ್ಣ ಬಿಟ್ಟ ಕೂಡಲೇ ಹೊಗೆಯ ಹಾಗೆ ಹರಡಿ ಹೋಯಿತು. ಮೂರನೇ ಸುತ್ತಿನ ಬಣ್ಣ ಮಾತ್ರ ಎಳೆಯಾಗೇ ನಿಂತಿತು! ನೇರ ಭಾಗದಲ್ಲಿ ಕದಡಿದ್ದ ನೀರೇ ಸುರುಳಿಗೆ ಬಂದು ಮತ್ತೆ ಶಾಂತವಾಗಿತ್ತು. ಕದಡಿದ್ದು ತಿಳಿಯಾಗಬೇಕಾದರೆ ನಿಲ್ಲಬೇಕು ಅಂತ ನಾವು ಅಂದುಕೊಂಡಿರ್ತೀವಿ, ಇದು ಓಡುತ್ತಾ ಓಡುತ್ತಾ ತಿಳಿಯಾಯಿತು. ಇದನ್ನು ಇಂಗ್ಲೆಂಡಿನ ಜಿ.ಐ. ಟೇಲರ್ 1929ರಷ್ಟು ಹಿಂದೆಯೇ ಬಣ್ಣ ಬಿಟ್ಟು ನೋಡಿದ್ದರು. ನಮ್ಮೂರಿನ ನಂಟೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ರೊದ್ದಂ ನರಸಿಂಹ ಮತ್ತು ಅಲ್ಲೇ ಪಿಎಚ್.ಡಿ. ಮಾಡಿದ ಕೆ.ಆರ್. ಶ್ರೀನಿವಾಸನ್ ಸೇರಿ, ಹೀಗೆ ಮರಳಿ ಶಾಂತವಾಗುವ ಹರಿವುಗಳ ಬಗ್ಗೆ 1979ರಲ್ಲಿ ಒಂದು ದೊಡ್ಡ ಲೇಖನ ಬರೆದರು. ಸುರುಳಿ ಪೈಪಿನ ಮೇಲೆಯೇ ಶ್ರೀನಿವಾಸನ್ ಆಮೇಲೆ, 1983ರಲ್ಲಿ, ಸ್ಟ್ರೈಕೋವ್‌ಸ್ಕಿ ಜೊತೆ ಪ್ರಯೋಗ ಮಾಡಿದರು. ಪೇಂಟ್ ಬಕೆಟ್ ಮುಂದೆ ಕೂತು ಅದನ್ನು ಕಣ್ಣಾರೆ ನೋಡಿದ ಮೇಲೆ ಆ ಲೇಖನಗಳು ಓದಿಸಿಕೊಂಡು ಹೋದವು. ಅದಕ್ಕೆ ಮುಂಚೆ ಎರಡು ಸಲ ಹಿಡಿದು ಎರಡು ಸಲವೂ ನಿದ್ದೆ ಹೋಗಿದ್ದೆ.

ಫಲಿತಾಂಶ ಬೇಗ ಹೇಳಿಬಿಡ್ತೀನಿ. ರೇನಾಲ್ಡ್ಸ್ ಸಂಖ್ಯೆ 2,000ದ ಸುತ್ತ, ಅಷ್ಟೇ ಉದ್ದದ ನೇರ ಪೈಪಿಗೆ ಪುಸ್ತಕದ ಸೂತ್ರ ಕೊಡುವ ಲೆಕ್ಕಕ್ಕಿಂತ ನನ್ನ ಸುರುಳಿಯಲ್ಲಿ ಗೋಡೆಯಿಂದ ನೀರಿಗೆ ಶಾಖ ಸುಮಾರು ಮೂರು ಪಟ್ಟು ಚುರುಕಾಗಿ ಸೇರುತ್ತಿತ್ತು. ಪುಕ್ಕಟೆ ಅಲ್ಲ. ನೀರನ್ನು ತಳ್ಳೋಕೆ ನೇರ ಪೈಪಿಗೆ 3 ಸೆಂಟಿಮೀಟರ್ ನೀರಿನ ಒತ್ತಡ ಸಾಕು, ಸುರುಳಿಗೆ ಏಳೂವರೆ ಬೇಕಾಯಿತು. ನೀರು ಪೂರ್ತಿ ಕದಡಿದ ಮೇಲೆ ಸುರುಳಿಯ ಲಾಭ ಬಹಳ ಇಳಿಯುತ್ತೆ. ಹೇಗೂ ಕಲಸಿಕೊಂಡಿರುವ ನೀರಿಗೆ ಸುಳಿ ಹೊಸದಾಗಿ ಏನು ಮಾಡೀತು? ಹಾಗಾಗಿ ಸುರುಳಿಯ ನಿಜವಾದ ಉಪಯೋಗ ನಿಧಾನದ ಹರಿವಿಗೆ, ದಪ್ಪ ದ್ರವಕ್ಕೆ. ಶಾಂತದಿಂದ ಕದಡುವ ಕಡೆಗಿನ ತಿರುವು ನನ್ನ ಗ್ರಾಫಿನಲ್ಲಿ ಮೂಲೆಯ ಹಾಗೆ ಚೂಪಾಗಿ ಬರಲಿಲ್ಲ, ಬಹಳ ದೂರ ಎಳೆದುಕೊಂಡಿತ್ತು. ಸುತ್ತುಗಳು ಒಂದಾದ ಮೇಲೊಂದು, ಹೊರಗಿನಿಂದ ಒಳಕ್ಕೆ, ಕದಡುತ್ತಾ ಹೋಗ್ತಿದ್ದದ್ದೇ ಇದಕ್ಕೆ ಕಾರಣ ಅಂತ ಬರೆದೆ. ನೀರನ್ನು ಹೊರಗಿನಿಂದ ಒಳಕ್ಕೆ ಹರಿಸಿಯೂ ನೋಡಿದೆ. ವ್ಯತ್ಯಾಸ ಏನಾದ್ರೂ ಇದ್ದರೆ ಅದು ನನ್ನ ಅಳತೆಯ ತಪ್ಪಿನಷ್ಟೇ ಚಿಕ್ಕದು, ಅದರ ಮೇಲೆ ಏನೂ ಹೇಳೋಕಾಗಲಿಲ್ಲ.

ಇನ್ನು ಪದಾರ್ಥ ಹರಡುವ ವಿಷಯ. ಸರ್ ಯಾವಾಗಲೂ ಹೇಳೋರು, ಶಾಖ ಹರಡೋದು, ಉಪ್ಪು ಹರಡೋದು ಎರಡೂ ಅಣ್ಣ-ತಮ್ಮ ಅಂತ. ಸಮೀಕರಣ ಒಂದೇ ಥರ ಇರುತ್ತೆ. ಆದರೆ ತಮ್ಮ ಮಹಾ ಸೋಮಾರಿ. ನಿಂತ ನೀರಿನಲ್ಲಿ ಉಪ್ಪು ಹರಡೋದು ಶಾಖಕ್ಕಿಂತ ಸುಮಾರು ನೂರು ಪಟ್ಟು ನಿಧಾನ. ಅದಕ್ಕೇ ಯಾರಾದರೂ ಕಲಸಿಕೊಡೋದು ಅವನಿಗೆ ಇನ್ನೂ ಜಾಸ್ತಿ ಬೇಕು.

ಇದಕ್ಕೆ ಹತ್ತು ಮೀಟರ್ ಲೆವೆಲ್ ಟ್ಯೂಬನ್ನು ಕಾರಿಡಾರಿನಲ್ಲಿ ನೆಟ್ಟಗೆ ಹಾಸಿದೆ. ಅದರಲ್ಲಿ ಅರ್ಧ ಲೀಟರ್ ನೀರು ಹಿಡಿಯುತ್ತೆ. ನಿಮಿಷಕ್ಕೆ 300 ಮಿಲಿ ಬಿಟ್ಟರೆ ಸರಾಸರಿ 100 ಸೆಕೆಂಡಿಗೆ ಈ ತುದಿಯ ನೀರು ಆ ತುದಿಗೆ ಹೋಗಬೇಕು. ಈ ಕಡೆ ಸಿರಿಂಜಿನಿಂದ ಸ್ವಲ್ಪ ಉಪ್ಪುನೀರು, ಆ ಕಡೆ ನೀರಿನಲ್ಲಿ ಉಪ್ಪೆಷ್ಟು ಅಂತ ತೋರಿಸೋ ಕಂಡಕ್ಟಿವಿಟಿ ಮೀಟರ್. ದಾಟಿ ಓಡಾಡುವವರಿಗೆಲ್ಲ "ತುಳೀಬೇಡಿ, ತುಳೀಬೇಡಿ" ಅಂತ ಕೂಗೋದೇ ಒಂದು ಕೆಲಸವಾಗಿತ್ತು. ಆದರೂ ಮೂರು ಸಲ ತುಳಿದರು. ಶಾಂತ ಹರಿವಿನಲ್ಲಿ ಪೈಪಿನ ನಟ್ಟನಡುವಿನ ನೀರು ಸರಾಸರಿಯ ಎರಡರಷ್ಟು ವೇಗದಲ್ಲಿ ಓಡುತ್ತೆ, ಹಾಗಾಗಿ ಉಪ್ಪಿನ ಮೊದಲ ಸುಳಿವು 53 ಸೆಕೆಂಡಿಗೇ ಬಂತು. ಗೋಡೆಗಂಟಿದ ಉಪ್ಪು ಮಾತ್ರ ನಿಮಿಷಗಟ್ಟಲೆ ಬರ್ತಾನೇ ಇತ್ತು. ಅದೇ ಟ್ಯೂಬನ್ನು ಬಕೆಟ್ಟಿಗೆ ಸುತ್ತಿದೆ. ಮೊದಲ ಸುಳಿವು 65 ಸೆಕೆಂಡಿಗೆ, ಬಾಲವೂ ಗಿಡ್ಡ. ಸುಳಿಗಳು ನಡುವಿನ ಓಟಗಾರನನ್ನು ಗೋಡೆಗೆ, ಗೋಡೆಯ ಸೋಮಾರಿಯನ್ನು ನಡುವಿಗೆ ಎಳೆದು ತರುತ್ತಿದ್ದವು. ಅವರೆಲ್ಲ ಹೆಚ್ಚುಕಮ್ಮಿ ಒಟ್ಟಿಗೆ ಊರು ಸೇರುತ್ತಿದ್ದರು.

ಇದನ್ನು ಇನ್ನೂ ಚೆನ್ನಾಗಿ ಮಾಡುವ ಉಪಾಯ ದೆಹಲಿಯ ಐಐಟಿಯಲ್ಲಿ ಹುಟ್ಟಿದ್ದು. ಸಕ್ಸೇನಾ ಮತ್ತು ನಿಗಮ್ 1984ರಲ್ಲಿ ಬರೆದದ್ದು. ಪೈಪನ್ನು ಸ್ವಲ್ಪ ಸುತ್ತಿ, ಸುತ್ತುವ ದಿಕ್ಕನ್ನೇ 90 ಡಿಗ್ರಿ ತಿರುಗಿಸಿ ಮತ್ತೆ ಸುತ್ತೋದು. ಸುಳಿಗಳ ಹೊಟ್ಟೆಯಲ್ಲಿ ಸಿಕ್ಕಿಕೊಂಡ ನೀರಿಗೂ ಆಗ ಹೊರಗೆ ಬರದೆ ವಿಧಿ ಇಲ್ಲ. ನಾನು ಎರಡು ಬಕೆಟ್ ತಂದು, ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಮಲಗಿಸಿ, ಅರ್ಧ ಟ್ಯೂಬು ಅದಕ್ಕೆ, ಅರ್ಧ ಇದಕ್ಕೆ ಸುತ್ತಿದೆ. ಮೊದಲ ಸುಳಿವು 72 ಸೆಕೆಂಡಿಗೆ ಬಂತು. ಒಂದೇ ಒಂದು ತಿರುವಿಗೆ ಅಷ್ಟು. ಬಕೆಟ್ ಇನ್ನೂ ನಾಲ್ಕು ಇದ್ದಿದ್ದರೆ ಅನ್ನಿಸಿತು, ಆದರೆ ರಿಪೋರ್ಟ್ ಕೊಡೋ ದಿನ ಹತ್ತಿರ ಬಂದಿತ್ತು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಡೀನ್ ಸಂಖ್ಯೆ, ಶಾಖದ ಲೆಕ್ಕ ಬಿಡಿಸೋ ವಿಲ್ಸನ್ ಪ್ಲಾಟ್ ಅಂತ ಕೇಳಬೇಕಾದ್ದನ್ನೆಲ್ಲ ಕೇಳಿದರು. ಆಮೇಲೆ ಪಿವಿಸಿ ತುಂಡನ್ನು ತೋರಿಸಿ, "ಇದೇನು ಪಾತ್ರೆ ಉಜ್ಜೋ ನಾರಾ?" ಅಂದರು. ಹೌದು ಸರ್ ಅಂದೆ. ಬಗ್ಗಿ ನೋಡಿ, ಮತ್ತೆ ಕುರ್ಚಿಗೆ ಹೋಗಿ ಕೂತರು. ಮಾರ್ಕ್ಸ್ ಚೆನ್ನಾಗೇ ಬಂತು.

ಹೋದ ತಿಂಗಳು ಕಾಲೇಜಿನ ಒಬ್ಬ ಜೂನಿಯರ್ ಫೋನ್ ಮಾಡಿದ್ದ. ನನ್ನ ಸುರುಳಿಯ ಮೇಲೇ ಅವನ ಪ್ರಾಜೆಕ್ಟಂತೆ.

"ಅಕ್ಕಾ, ಹೀಟ್ ಬ್ಯಾಲೆನ್ಸ್ ಕೂಡ್ತಾನೇ ಇಲ್ಲ. ಕೊಟ್ಟಿದ್ದಕ್ಕಿಂತ 16 ಪರ್ಸೆಂಟ್ ಜಾಸ್ತಿ ಬರ್ತಿದೆ. ಮೀಟರ್ ಬದಲಾಯಿಸಿದ್ವಿ, ಪ್ರೋಬೂ ಬದಲಾಯಿಸಿದ್ವಿ."

"ಕೊನೇಲಿ ಒಂದು ದಪ್ಪ ಪಿವಿಸಿ ತುಂಡು ಇತ್ತಲ್ಲ, ಅದರೊಳಗಿನ ನಾರು ಇದೆಯಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಅದಾ? ಯಾರೋ ಕಸ ತುರುಕಿದ್ದಾರೆ ಅಂತ ತೆಗೆದು ಬಿಸಾಕಿದ್ವಿ ಅಕ್ಕಾ."